ಎಂಎಕ್ಸ್-5 ಕೆಲಸದ ಟಿಪ್ಪಣಿ: ಡ್ರೈನ್ ಬಿಡಿಸಿದ್ದಾಯ್ತು, ಸಿಲ್ ಉಳಿಯಿತು

ಕಾರಿನ ಟಾಪ್ ಮೇಲೆ ಬಿದ್ದ ಮಳೆನೀರು ಹೊರಹೋಗುವ ಡ್ರೈನ್ ಎರಡೂ ಕಡೆ ಈಗ ಸರಾಗವಾಗಿ ಹರಿಯುತ್ತಿದೆ. ಬಲಗಡೆಯ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತಗಡಿನ ಪಟ್ಟಿ, ಗಟ್ಟಿಯಾಗಿದೆ. ಎಡಗಡೆಯ ಸಿಲ್‌ನ ಹಿಂತುದಿಯಲ್ಲಿ ತುಕ್ಕು ಸಿಕ್ಕಿತು, ಆದರೆ ತಗಡು ತೂತಾಗಿರಲಿಲ್ಲ. ಅದನ್ನು ಕೆರೆದು, ಪ್ರೈಮರ್ ಹಚ್ಚಿ, ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆದಾಗಿದೆ. ಮುಂದಿನ ಚಕ್ರಗಳ ಮೇಲಿನ ತಗಡಾದ ಫೆಂಡರ್‌ಗಳ ಕೆಲಸ ಬಾಕಿ ಇದೆ.

ಕಾರು ಎರಡನೇ ತಲೆಮಾರಿನ ಮಾಜ್ಡಾ ಎಂಎಕ್ಸ್-5, ಅಂದರೆ 1998ರಿಂದ 2005ರವರೆಗೆ ತಯಾರಾದ ಮಾಡೆಲ್. ಬಟ್ಟೆಯ ಟಾಪ್, ಅಂದರೆ ಮಡಚುವ ಛಾವಣಿ. ಮಳೆ ಬಂದ ಮೇಲೆ ಒಳಗೆ ಮುಗ್ಗಲು ವಾಸನೆ ಶುರುವಾಯಿತು. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳು ಒದ್ದೆ. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಅನುಮಾನ ಬರುವುದು ಟಾಪ್ ಬಟ್ಟೆಯ ಮೇಲೆ, ಇಲ್ಲವೇ ಕಿಟಕಿಯ ರಬ್ಬರ್ ಮೇಲೆ. ಡ್ರೈನ್ ನೋಡದೆ ಅವಕ್ಕೆ ದುಡ್ಡು ಸುರಿಯಬೇಡಿ.

ನೀರು ಹೋಗುವ ದಾರಿ

ಟಾಪ್ ಮೇಲೆ ಬಿದ್ದ ನೀರೆಲ್ಲ ಹೊರಗೇ ಜಾರಿ ಹೋಗುವುದಿಲ್ಲ. ಹಿಂಬದಿಯಲ್ಲಿ ಟಾಪ್ ಕಾರಿನ ಬಾಡಿಯನ್ನು ಸೇರುವ ಕಡೆ ಒಳಗೊಂದು ಪ್ಲಾಸ್ಟಿಕ್ ದೋಣಿ ಇದೆ. ಅದಕ್ಕೆ ರೈನ್ ರೈಲ್ ಅಂತಾರೆ. ನೀರು ಅದರಲ್ಲಿ ಎರಡೂ ಪಕ್ಕಕ್ಕೆ ಹರಿದು, ಸೀಟ್ ಬೆಲ್ಟ್ ಕಂಬದ ಹಿಂದಿರುವ ತೂತಿಗೆ ಇಳಿಯುತ್ತದೆ. ಅಲ್ಲಿಂದ ಪೈಪಿನ ಮೂಲಕ ಹಿಂದಿನ ಚಕ್ರದ ಸ್ವಲ್ಪ ಮುಂದೆ, ಕಾರಿನ ಅಡಿಯಲ್ಲಿ ಹೊರಬೀಳುತ್ತದೆ. ಈ ದಾರಿ ಕಟ್ಟಿಕೊಂಡರೆ ನೀರು ಮೇಲೇ ನಿಂತು, ಉಕ್ಕಿ, ಕಾರ್ಪೆಟ್ ಕಡೆಗೋ ಸಿಲ್ ಒಳಗೋ ನುಗ್ಗುತ್ತದೆ. ಕಾರ್ಪೆಟ್‌ಗೆ ಬಂದರೆ ಕೈಗೆ ಸಿಗುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಸಿಲ್ ಒಳಗೆ ಹೋದರೆ ಸುಮ್ನೆ ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟ್ ಉಬ್ಬಿ ಕಾಣುವ ಹೊತ್ತಿಗೆ ಒಳಗೆ ಸಾಕಷ್ಟು ಹಾನಿ ಆಗಿರುತ್ತದೆ.

ಟಾಪನ್ನು ಅರ್ಧ ಮಡಚಿ, ಹಿಂದಿನ ಕಾರ್ಪೆಟ್ ಎತ್ತಿ, ಟಾರ್ಚ್ ಹಾಕಿ ನೋಡಿದೆ. ಬಲಗಡೆಯ ತೂತಿನ ಬಾಯಲ್ಲಿ ಒಣ ಎಲೆ, ದೂಳು, ಟಾಪಿನದೇ ಬಟ್ಟೆಯ ಎಳೆಗಳು. ಎಡಗಡೆ ತೂತೇ ಕಾಣಲಿಲ್ಲ. ಕಪ್ಪು ಹೂಳು ಸಮತಟ್ಟಾಗಿ ಕೂತಿತ್ತು, ಅದರ ಮೇಲೆ ತೆಳ್ಳಗೆ ನೀರು.

ಬಿಡಿಸಿದ ಬಗೆ

ಮೊದಲು ಕೈಗೆ ಸಿಕ್ಕಷ್ಟು ಹೂಳನ್ನು ಚಮಚದಿಂದ ತೆಗೆದು, ನಿಂತ ನೀರನ್ನು ಬಟ್ಟೆಯಿಂದ ಹೀರಿದೆ. ಈ ಹಂತ ಬಿಟ್ಟು ನೇರವಾಗಿ ನೀರು ಹೊಯ್ದರೆ ಮೇಲಿನ ಕಸವೆಲ್ಲ ಪೈಪಿನೊಳಗೆ ಇಳಿದು ಇನ್ನಷ್ಟು ಬಿಗಿಯಾಗುತ್ತದೆ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರ ತಗೊಂಡೆ. ತುದಿಯನ್ನು ಬೆಂಕಿ ತಾಗಿಸಿ ದುಂಡಗೆ ಮಾಡಿ, ತಿರುಗಿಸುತ್ತಾ ನಿಧಾನಕ್ಕೆ ಇಳಿಸಿದೆ. ಗಟ್ಟಿ ಕಬ್ಬಿಣದ ತಂತಿ ಬೇಡವೇ ಬೇಡ. ಹಳೇ ಪೈಪು ಒಂದು ಕಡೆ ಹರಿದರೆ ನೀರು ನೇರವಾಗಿ ಬಾಡಿ ಒಳಗೇ ಸುರಿಯುತ್ತದೆ, ಹೊರಗಿನಿಂದ ನಮಗೆ ಗೊತ್ತೂ ಆಗುವುದಿಲ್ಲ. ಕಂಪ್ರೆಸರ್ ಗಾಳಿ ಬಿಡುವುದೂ ಅಷ್ಟೇ ಅಪಾಯ. ಕಸ ಅಲುಗದಿದ್ದರೆ ಒತ್ತಡಕ್ಕೆ ಪೈಪೇ ಜೋಡಣೆಯಿಂದ ಕಳಚಿಕೊಳ್ಳುತ್ತದೆ.

ಬಲಗಡೆಯದು ಬೇಗ ಬಿಟ್ಟುಕೊಂಡಿತು. ಎಡಗಡೆಯದು ಹಟ ಹಿಡಿಯಿತು. ದಾರ ಕೆಳಗಿನವರೆಗೆ ಹೋಗಿ ಮೆತ್ತಗಿನದ್ದೇನಕ್ಕೋ ತಾಗಿ ನಿಲ್ಲುತ್ತಿತ್ತು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಹಾಕಿ, ಸ್ವಲ್ಪವೇ ಬಿಟ್ಟು ನೆನೆಯಲು ಬಿಟ್ಟೆ. ಕಾರನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಕೆಳಗಿನ ಬಾಯಿಂದಲೂ ದಾರ ತೂರಿಸಿದೆ. ಬರೀ ಜ್ಯಾಕ್ ನಂಬಿ ಯಾರೂ ಕಾರಿನ ಅಡಿಗೆ ಹೋಗಬಾರದು. ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಆಡಿಸುತ್ತಾ ಹೋದಾಗ ಮೊದಲು ಕಪ್ಪು ನೀರು ಜಿನುಗಿತು. ಆಮೇಲೆ ಬೆರಳಷ್ಟು ಉದ್ದದ ಹೂಳಿನ ಗಟ್ಟಿ ಒಟ್ಟಿಗೇ ಜಾರಿ ಬಿತ್ತು, ಹಿಂದೆಯೇ ನೀರು ಧಾರೆಯಾಗಿ ಬಂತು. ತುಂಬಾ ಖುಷಿ ಆಯ್ತು.

ನೀರು ತಿಳಿಯಾಗುವವರೆಗೆ ಮಗ್ ಹಿಡಿದು ಹೊಯ್ಯುತ್ತಾ ಹೋದೆ. ಎರಡೂ ಕಡೆ ಒಂದೇ ಅಳತೆಯ ನೀರು ಬಿಟ್ಟು ಹರಿಯುವ ವೇಗ ಹೋಲಿಸಿದರೆ ಒಳ್ಳೆಯದು. ಒಂದು ಕಡೆ ನಿಧಾನವಾಗಿದ್ದರೆ ಅಲ್ಲಿ ಇನ್ನೂ ಕಸ ಇದೆ ಅಂತ ಅರ್ಥ.

ಬಾಗಿಲುಗಳ ಕೆಳ ಅಂಚಿನ ತೂತುಗಳನ್ನೂ ಇದೇ ಹೊತ್ತಿಗೆ ಕೆದಕಿದೆ. ಸಿಲ್‌ನ ಅಡಿಯಲ್ಲಿ, ಎರಡು ತಗಡು ಕೂಡುವ ಅಂಚಿನಲ್ಲಿ, ಚಿಕ್ಕ ಚಿಕ್ಕ ಸೀಳುಗಳಿರುತ್ತವೆ. ಒಳಗೆ ಸೇರಿದ ನೀರು ಬಸಿದು ಹೋಗಲೆಂದೇ ಅವನ್ನು ಇಟ್ಟಿರುವುದು. ಎಡಗಡೆಯ ಸೀಳುಗಳಿಗೆ ಹಿಂದೆ ಯಾರೋ ಕಾರಿನ ಅಡಿಗೆ ಬಳಿಯುವ ಕಪ್ಪು ಅಂಡರ್‌ಕೋಟ್ ಮೆತ್ತಿ ಮುಚ್ಚಿಬಿಟ್ಟಿದ್ದರು. ತೆಳು ಸ್ಕ್ರೂಡ್ರೈವರ್‌ನಿಂದ ಅದನ್ನು ಬಿಡಿಸಿದಾಗ ಕಂದು ಬಣ್ಣದ ನೀರು ತೊಟ್ಟಿಕ್ಕಿತು. ಡ್ರೈನಿಗಿಂತ ಹೆಚ್ಚು ಚಿಂತೆ ಹತ್ತಿಸಿದ್ದು ಈ ನೀರು.

ಒಣಗಿಸುವುದು

ಇದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಹೊರಗೆ ತೆಗೆದೆ. ಸೀಟಿನ ಕೆಳಗೆ ಏರ್‌ಬ್ಯಾಗ್ ವೈರ್ ಇರುವ ಕಾರಾದರೆ ಮೊದಲು ಬ್ಯಾಟರಿ ಕಳಚಬೇಕು. ಕಾರ್ಪೆಟ್ ಮೇಲ್ಮೈ ಒಣಗಿದಂತೆ ಕಂಡರೂ ಅದರಡಿಯ ದಪ್ಪ ಪ್ಯಾಡ್ ನೀರು ಹಿಡಿದಿಟ್ಟಿರುತ್ತದೆ. ಅದನ್ನು ಹಾಗೇ ವಾಪಸ್ ಹಾಕಿದರೆ ನೆಲದ ತಗಡಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಹಿಂಡಿ, ನೇತುಹಾಕಿ, ಫ್ಯಾನ್ ಹಚ್ಚಿಟ್ಟೆ. ಸಿಲ್ ಒಳಗೂ ರಬ್ಬರ್ ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟೆ. ಒದ್ದೆ ಇರುವಾಗಲೇ ವ್ಯಾಕ್ಸ್ ಹೊಡೆದರೆ ನೀರನ್ನು ಒಳಗೇ ಕೂಡಿಹಾಕಿದಂತೆ ಆಗುತ್ತದೆ, ಹಾಗಾಗಿ ಇಲ್ಲಿ ಅವಸರ ಮಾಡಲೇಬಾರದು.

ತುಕ್ಕು

ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋದೆ. ಒಳ್ಳೆಯ ತಗಡು ಟಣ್ ಅನ್ನುತ್ತದೆ. ಎಡಗಡೆ, ಹಿಂದಿನ ಚಕ್ರದ ಮುಂದೆ ಸದ್ದು ಮಂಕಾಯಿತು. ಅಲ್ಲಿ ಪೇಂಟ್ ಮೇಲೆ ಬಟಾಣಿ ಗಾತ್ರದ ಗುಳ್ಳೆಗಳಿದ್ದವು. ಈ ಮಾಡೆಲ್ಲಿಗೆ ತುಕ್ಕು ಜಾಸ್ತಿ ಬರುವ ಜಾಗವೂ ಇದೇ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಪೇಂಟ್ ಮೇಲೆದ್ದು ಗುಳ್ಳೆಯಾಗುತ್ತದೆ. ಕೆರೆದಾಗ ಪದರ ಪದರವಾಗಿ ಉದುರಿತು. ಕೆಳಗೆ ಚಿಕ್ಕ ಗುಳಿಗಳಿದ್ದ ತಗಡು ಸಿಕ್ಕಿತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೂ ಒಳಗೆ ಹೋಗಲಿಲ್ಲ.

ಹೋಗಿದ್ದರೆ ಕೆಲಸವೇ ಬೇರೆ ಆಗುತ್ತಿತ್ತು. ತೆರೆದ ಕಾರಿಗೆ ಮೇಲೆ ಗಟ್ಟಿ ಛಾವಣಿ ಇಲ್ಲ, ಆದ್ದರಿಂದ ಬಾಡಿ ಬಾಗದಂತೆ ತಡೆಯುವ ಭಾರ ಬಹುಪಾಲು ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ತೂತಾಗಿದ್ದರೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ಪುಟ್ಟಿ ತುಂಬಿ ಪೇಂಟ್ ಹೊಡೆದು ಮುಚ್ಚುವುದು ತೀರಾ ತಪ್ಪು. ಕಾರು ಕೊಳ್ಳುವವರು ಈ ಜಾಗಕ್ಕೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ದಪ್ಪಗೆ ಪುಟ್ಟಿ ಇದ್ದರೆ ಅದು ಅಂಟುವುದಿಲ್ಲ.

ವೈರ್ ಬ್ರಶ್, ಮರಳು ಕಾಗದ ಹಾಕಿ ಸುತ್ತಲಿನ ಒಳ್ಳೆಯ ಲೋಹ ಹೊಳೆಯುವವರೆಗೆ ಉಜ್ಜಿದೆ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದೆ. ಕೈಗವಸು, ಕನ್ನಡಕ ಬೇಕೇ ಬೇಕು. ಕಂದು ಬಣ್ಣ ನಿಧಾನವಾಗಿ ಕಪ್ಪಾಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಅದರಂತೆಯೇ ಒರೆಸಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಮೇಲೆ ಪೇಂಟ್ ಮಾಡಿದೆ.

ಒಳಬದಿಗೆ ಕ್ಯಾವಿಟಿ ವ್ಯಾಕ್ಸ್. ಉದ್ದ ಕೊಳವೆ ಇರುವ ಸ್ಪ್ರೇ ಬೇಕು, ಸುತ್ತಲೂ ಚಿಮ್ಮುವಂಥ ತುದಿ ಇದ್ದರೆ ಇನ್ನೂ ಅನುಕೂಲ. ಕೊಳವೆಯನ್ನು ಕೊನೆಯವರೆಗೆ ತಳ್ಳಿ, ಹೊಡೆಯುತ್ತಾ ಹಿಂದಕ್ಕೆ ಎಳೆದೆ. ಗಟ್ಟಿಯಾಗಿ ಕೂರುವ ಕಪ್ಪು ಅಂಡರ್‌ಕೋಟ್ ನನಗೆ ಇಷ್ಟವಿಲ್ಲ. ವಯಸ್ಸಾದಾಗ ಅದು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಸೇರುತ್ತದೆ, ಮೇಲಿಂದ ಎಲ್ಲ ಚೆನ್ನಾಗೇ ಕಾಣುತ್ತದೆ. ವ್ಯಾಕ್ಸ್ ಮೆತ್ತಗೇ ಉಳಿದು ತಗಡಿನ ಸಂದುಗಳಿಗೆ ಹರಿಯುತ್ತದೆ. ಅಡಿಯ ಸೀಳುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಕೆಳಗಿನವರೆಗೂ ತಲುಪಿದೆ ಅಂತ ಲೆಕ್ಕ. ಅದು ಬಿಗಿದುಕೊಂಡ ಮೇಲೆ ಅದೇ ಸೀಳುಗಳನ್ನು ಮತ್ತೆ ಕೆದಕಿ ತೆರೆದೆ. ಇದನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ ಅಲ್ವಾ?

ಆಮೇಲೆ ಮಳೆಯೂ ಬಂತು. ಕಾರ್ಪೆಟ್ ಇನ್ನೂ ವಾಪಸ್ ಹಾಕಿಲ್ಲ, ಹಾಗಾಗಿ ಬರೀ ನೆಲ ಕಾಣುತ್ತದೆ. ಒಂದು ಹನಿಯೂ ಇರಲಿಲ್ಲ. ಮುಂದೆ ಪ್ರತಿ ಮಳೆಗಾಲಕ್ಕೆ ಮೊದಲು, ಎಲೆ ಉದುರುವ ಕಾಲ ಮುಗಿದ ಮೇಲೆ ಒಂದೊಂದು ಸಲ ನೀರು ಹೊಯ್ದು ನೋಡುತ್ತೇನೆ.

ಮುಂದಿನ ಕೆಲಸ: ಮುಂದಿನ ಚಕ್ರಗಳ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚುವುದು. ವೈಪರ್ ಕೆಳಗಿನಿಂದ ಇಳಿಯುವ ಕಸ, ಚಕ್ರ ಎರಚುವ ಕೆಸರು ಎರಡೂ ಫೆಂಡರ್ ತಳದಲ್ಲಿ ಸೇರುತ್ತವೆ. ಎಡಗಡೆ ಕೈ ಹಾಕಿದಾಗಲೇ ಒಂದು ಹಿಡಿ ಮಣ್ಣು ಬಂತು. ಅಲ್ಲಿಂದ ಶುರು ಮಾಡುತ್ತೇನೆ.