ಬೇಲಿಯ ಒಳಗೇ ಕೋಣೆ ಹಿಡಿಯಿರಿ: ಕ್ರೂಗರ್ ಪ್ರವಾಸದ ಖರ್ಚು ಮತ್ತು ತಯಾರಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಫಾಬೇನಿ ಗೇಟಿನ ಮುಂದೆ ನಮ್ಮ ಕಾರು ನಿಂತಾಗ ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮುಂದೆ ಇಪ್ಪತ್ತಾರು ಕಾರುಗಳಿದ್ದವು. ಅಕ್ಕ ಇಳಿದು ಹೋಗಿ ಎಣಿಸಿ ಬಂದಿದ್ದಳು. ಆರಕ್ಕೆ ಸರಿಯಾಗಿ ಗೇಟು ತೆರೆಯಿತು. ಆದರೆ ಪ್ರತಿ ಕಾರಿನವರೂ ಫಾರಂ ತುಂಬಬೇಕು, ಪಾಸ್‌ಪೋರ್ಟ್ ತೋರಿಸಬೇಕು, ದುಡ್ಡು ಕಟ್ಟಬೇಕು. ನಾವು ಒಳಗೆ ಹೋಗುವಾಗ ಏಳೂಕಾಲು. ಕಾಡಿನಲ್ಲಿ ಬೆಳಗಿನ ಆ ಒಂದೂಕಾಲು ಗಂಟೆಯ ಬೆಲೆ ಎಷ್ಟೆಂದು ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನ ಕ್ಯಾಂಪುಗಳಲ್ಲಿ ಮಲಗಿದ್ದವರು ಅಷ್ಟರಲ್ಲಿ ಒಂದು ಸುತ್ತು ಮುಗಿಸಿಯೇ ಬಿಟ್ಟಿದ್ದರು. ದಾರಿಯಲ್ಲಿ ಕಾರು ನಿಲ್ಲಿಸಿ ಮಾತಾಡಿಸಿದ ಒಬ್ಬರು, ಸಾಬಿ ನದಿಯ ಹತ್ತಿರ ಚಿರತೆ ಅರ್ಧ ಗಂಟೆ ಮರದ ಮೇಲಿತ್ತು, ಈಗ ಹೋಯಿತು ಎಂದರು.

ಇದಕ್ಕೆ ಕಾರಣ ನಮ್ಮ ಕೋಣೆ. ಊರಿನಲ್ಲೇ ಒಂದು ಪ್ರವಾಸ ಕಚೇರಿಯವರು ಮೊದಲ ಎರಡು ರಾತ್ರಿಗೆ ಲಾಡ್ಜ್ ಕಾದಿರಿಸಿಕೊಟ್ಟಿದ್ದರು. ಅದರ ಹೆಸರಿನಲ್ಲಿ ಕ್ರೂಗರ್ ಎಂದಿತ್ತು, ಚಿತ್ರದಲ್ಲಿ ಅಂಗಳದ ಮುಂದೆಯೇ ಆನೆ ನಿಂತಿತ್ತು. ಹೋಗಿ ನೋಡಿದರೆ ಅದು ಇದ್ದದ್ದು ಕಾಡಿನಿಂದ ಎಷ್ಟೋ ಆಚೆ, ಹೇಝಿವ್ಯೂ ಊರಿನ ಬಾಳೆ ತೋಟಗಳ ನಡುವೆ. ರಾತ್ರಿಗೆ 14,000 ರೂಪಾಯಿ. ಉಪಾಹಾರ ಏಳೂವರೆಗೆ. ಮುಂಚೆ ಹೊರಡುತ್ತೇವೆ, ಕಟ್ಟಿಕೊಡಿ ಎಂದರೆ ತಲೆಗೆ 180 ರಾಂಡ್ (ಅಲ್ಲಿಯ ಹಣ) ಬೇರೆ. ಸಸ್ಯಾಹಾರಿಗಳು ಎಂದು ಎರಡು ಸಲ ಬರೆಸಿದ್ದರೂ ಪೊಟ್ಟಣ ಬಿಚ್ಚಿದರೆ ಬ್ರೆಡ್ಡಿನ ನಡುವೆ ಹಂದಿಮಾಂಸ. ಅಕ್ಕ ಅದನ್ನು ಹಾಗೆಯೇ ಮಡಚಿಟ್ಟು ಸೇಬು ತಿಂದಳು. ಅವಳಿಗೆ ಅರವತ್ತೈದು, ಬೆಳಗಿನ ಮಾತ್ರೆ ನುಂಗುವ ಮೊದಲು ಹೊಟ್ಟೆಗೆ ಏನಾದರೂ ಬೀಳಲೇಬೇಕು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹಾಗಾಗಿ ಹೋಗುವವರು ಮೊದಲು ನಕಾಶೆ ತೆಗೆದು ನೋಡಿ. ಲಾಡ್ಜಿನ ಹೆಸರಿನಲ್ಲಿ ಕ್ರೂಗರ್ ಇದ್ದ ಮಾತ್ರಕ್ಕೆ ಅದು ಕಾಡಿನ ಒಳಗಿದೆ ಎಂದು ತಿಳಿಯಬೇಡಿ. ಸ್ಕುಕೂಝಾ, ಲೋವರ್ ಸಾಬಿ, ಸತಾರಾ, ಓಲಿಫಾಂಟ್ಸ್, ಲೆಟಾಬಾ, ಬರ್ಗ್-ಎನ್-ಡಾಲ್, ಪ್ರಿಟೋರಿಯಸ್‌ಕಾಪ್ ಇವೆಲ್ಲ ರಾಷ್ಟ್ರೀಯ ಉದ್ಯಾನದವರೇ ಬೇಲಿಯೊಳಗೆ ನಡೆಸುವ ಕ್ಯಾಂಪುಗಳು. ಹುಲ್ಲಿನ ಮಾಡಿನ ದುಂಡು ಮನೆ, ಒಳಗೇ ಸ್ನಾನದ ಕೋಣೆ, ಜಗುಲಿಯಲ್ಲಿ ಫ್ರಿಜ್ಜು. ಮೂರು ಮಂಚದ ಮನೆಗೆ ನಾವು ಕೊಟ್ಟದ್ದು ರಾತ್ರಿಗೆ ಸುಮಾರು 2,100 ರಾಂಡ್. ರಾಂಡಿಗೆ ಐದು ರೂಪಾಯಿಗಿಂತ ಸ್ವಲ್ಪ ಕಡಿಮೆ ಇದ್ದ ಸಮಯವದು. ಅಂದರೆ 10,000 ರೂಪಾಯಿ, ಅದೂ ಮೂವರಿಗೆ. ಹೊರಗಿನ ಆ ಲಾಡ್ಜಿಗಿಂತ ಅಗ್ಗ, ಅದಕ್ಕಿಂತ ಚೊಕ್ಕಟ. ಇಲ್ಲಿ ಮಲಗಿದವರಿಗೆ ಗೇಟಿನ ಸಾಲಿಲ್ಲ, ಆರು ಗಂಟೆಗೆ ಕ್ಯಾಂಪಿನ ಬಾಗಿಲು ತೆರೆದ ಕೂಡಲೇ ರಸ್ತೆಗಿಳಿಯಬಹುದು.

ಹನ್ನೊಂದು ತಿಂಗಳ ಮುಂಚೆಯೇ ಈ ಮನೆಗಳ ಬುಕಿಂಗ್ ಆರಂಭವಾಗುತ್ತದೆ. ನಾವು ನೋಡಿದ್ದು ನಾಲ್ಕು ತಿಂಗಳ ಮುಂಚೆ, ಆಗ ಎಲ್ಲೂ ಜಾಗವಿರಲಿಲ್ಲ. ಯಜಮಾನರು ದಿನಾ ರಾತ್ರಿ ಊಟವಾದ ಮೇಲೆ ಉದ್ಯಾನದ ಜಾಲತಾಣ ತೆರೆದು ಕೂರುತ್ತಿದ್ದರು. ಯಾರೋ ರದ್ದು ಮಾಡಿದ್ದು ಒಂದೊಂದಾಗಿ ಸಿಕ್ಕಿ, ಆರು ವಾರದಲ್ಲಿ ಲೋವರ್ ಸಾಬಿ ಎರಡು ರಾತ್ರಿ, ಸತಾರಾ ಎರಡು, ಓಲಿಫಾಂಟ್ಸ್ ಎರಡು ಕೂಡಿಬಂದವು. ಜಾಗವಿಲ್ಲ ಎಂದು ತೋರಿಸಿದರೆ ಅಲ್ಲಿಗೇ ಕೈಬಿಡಬೇಡಿ.

ಎರಡನೆಯ ಪೆಟ್ಟು ಪ್ರವೇಶ ಶುಲ್ಕದ್ದು. ಕೋಣೆಯ ಬಾಡಿಗೆಯಲ್ಲಿ ಇದು ಸೇರಿರುವುದಿಲ್ಲ. ನಾವು ಹೋದಾಗ ವಿದೇಶಿಯರಿಗೆ ತಲೆಗೆ ದಿನಕ್ಕೆ ಸುಮಾರು 600 ರಾಂಡ್ ಇತ್ತು. ದಕ್ಷಿಣ ಆಫ್ರಿಕಾದವರಿಗೆ ಇದರ ಕಾಲು ಭಾಗ. ಮೂವರಿಗೆ ಎಂಟು ದಿನಕ್ಕೆ ಲೆಕ್ಕ ಹಾಕಿದರೆ ಆರು ರಾತ್ರಿಯ ಕೋಣೆಗಿಂತ ಕಾಡಿನ ಶುಲ್ಕವೇ ಹೆಚ್ಚಾಯಿತು. ಪ್ರವಾಸ ಕಚೇರಿಯವರು ಇದರ ಸೊಲ್ಲೆತ್ತಿರಲಿಲ್ಲ. ವೈಲ್ಡ್ ಕಾರ್ಡ್ ಎಂಬ ವಾರ್ಷಿಕ ಸದಸ್ಯತ್ವ ಇದೆ. ಅದಿದ್ದರೆ ದಿನದ ಶುಲ್ಕವಿಲ್ಲ, ಗಂಡ ಹೆಂಡತಿಗೆ ಸೇರಿಸಿ ಜೋಡಿ ಕಾರ್ಡೂ ಸಿಗುತ್ತದೆ. ಐದಾರು ದಿನಕ್ಕಿಂತ ಹೆಚ್ಚು ಇರುವವರು ಕಾಗದ ಪೆನ್ನು ಹಿಡಿದು ಎರಡನ್ನೂ ಹೋಲಿಸಿ. ನಮಗೆ ಇದು ತಿಳಿದದ್ದು ಕ್ಯಾಂಪಿನಲ್ಲಿ ಪಕ್ಕದ ದುಂಡು ಮನೆಯಲ್ಲಿದ್ದ ಡರ್ಬನ್ ದಂಪತಿಗಳಿಂದ, ಐದನೆಯ ದಿನ.

ಬೆಂಗಳೂರಿನಿಂದ ಜೋಹಾನ್ಸ್‌ಬರ್ಗಿಗೆ ನೇರ ವಿಮಾನವಿಲ್ಲ. ಅಲ್ಲಿಂದ ಮುಂದೆ ಬಾಡಿಗೆ ಕಾರು. ಅವರೂ ನಮ್ಮಂತೆ ಎಡಗಡೆಯೇ ಓಡಿಸುವುದರಿಂದ ಯಜಮಾನರಿಗೆ ಕಷ್ಟವಾಗಲಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಒದಿಂದ ಮಾಡಿಸಿಕೊಳ್ಳಿ. ಠೇವಣಿ ಹಿಡಿಯಲು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ನಮ್ಮ ಫಾರೆಕ್ಸ್ ಕಾರ್ಡನ್ನು ಕೌಂಟರಿನವರು ಒಪ್ಪಲಿಲ್ಲ. ಇನ್ನೊಂದು ಮುಖ್ಯ ವಿಷಯ: ಸಾಮಾನ್ಯ ವಿಮೆಯಲ್ಲಿ ಗಾಜು, ಟಯರು ಸೇರಿರುವುದಿಲ್ಲ. ಎನ್‌4 ಹೆದ್ದಾರಿಯಲ್ಲಿ ಲಾರಿಯ ಚಕ್ರದಿಂದ ಸಿಡಿದ ಒಂದು ಕಲ್ಲು ಮುಂದಿನ ಗಾಜಿಗೆ ತಾಗಿ ಕಡಲೆಬೇಳೆಯಷ್ಟು ಗುರುತು ಬಿತ್ತು. ಕಾರು ಹಿಂದಿರುಗಿಸಿ ಊರಿಗೆ ಬಂದ ಹತ್ತು ದಿನಕ್ಕೆ ಕಾರ್ಡಿನಿಂದ 2,800 ರಾಂಡ್ ಕಡಿತವಾಯಿತು. ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ಗಾಜು, ಟಯರಿಗೂ ರಕ್ಷಣೆ ಸಿಗುತ್ತಿತ್ತು. ಅದನ್ನು ತೆಗೆದುಕೊಳ್ಳಿ. ಕಾರು ಪಡೆಯುವಾಗ ನಾಲ್ಕೂ ಕಡೆಯಿಂದ ವಿಡಿಯೊ ಮಾಡಿಟ್ಟುಕೊಳ್ಳಿ. ಟೋಲ್‌ಗಳಲ್ಲಿ ನಮ್ಮ ಕಾರ್ಡು ಎರಡು ಕಡೆ ನಡೆಯಲಿಲ್ಲ, ನಗದು ಕೈಯಲ್ಲಿರಲಿ. ಪಾರ್ಕಿಂಗ್‌ನಲ್ಲಿ ಹಳದಿ ಅಂಗಿ ತೊಟ್ಟು ಕಾರು ಕಾಯುವವರಿಗೆ ಐದು ರಾಂಡ್, ಬಂಕಿನಲ್ಲಿ ಪೆಟ್ರೋಲ್ ಹಾಕಿ ಗಾಜು ಒರೆಸುವವರಿಗೆ ಐದು ರಾಂಡ್ ಕೊಡುವುದು ಅಲ್ಲಿಯ ರೂಢಿ.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಆಫ್ರಿಕಾದಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲ ಎಂದು ಎಲ್ಲರೂ ಹೆದರಿಸಿ ಕಳಿಸಿದ್ದರು. ಹೇಝಿವ್ಯೂನಲ್ಲಿ ಮಿನಿ ಬಸ್ಸುಗಳು ನಿಲ್ಲುವ ಜಾಗದ ಪಕ್ಕ ತಗಡಿನ ಚಪ್ಪರದ ಕೆಳಗೆ ಒಬ್ಬ ಹೆಂಗಸು ಅಡುಗೆ ಮಾಡಿ ಮಾರುತ್ತಾರೆ. ಮೂರು ದೊಡ್ಡ ಪಾತ್ರೆ, ಎರಡು ಬೆಂಚು. ಒಂದು ಪಾತ್ರೆಯಲ್ಲಿ ಪಾಪ್ ಬೇಯುತ್ತಿತ್ತು: ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಅವರು ಉದ್ದನೆಯ ಮರದ ಸೌಟನ್ನು ಎರಡೂ ಕೈಯಲ್ಲಿ ಹಿಡಿದು, ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವುವುದನ್ನು ನೋಡಿ ಅಕ್ಕ, "ಅಯ್ಯೋ, ಇದು ನಮ್ಮ ಮುದ್ದೆ ಕಣೇ!" ಎಂದು ಕಾರಿನಿಂದ ಇಳಿದೇಬಿಟ್ಟಳು. ತಟ್ಟೆಗೆ ಪಾಪ್, ಪಕ್ಕದಲ್ಲಿ ಮೊರೊಗೊ ಎಂಬ ಸೊಪ್ಪಿನ ಪಲ್ಯ, ಅದಕ್ಕೆ ಕಡಲೆಕಾಯಿ ಪುಡಿ, ಮೇಲೆ ಚಕಲಕಾ: ಈರುಳ್ಳಿ, ಟೊಮೆಟೊ, ಕ್ಯಾರೆಟ್, ಕಾಳು ಹಾಕಿ ಖಾರವಾಗಿ ಮಾಡಿದ್ದು. ಕೈಯಲ್ಲೇ ತಿನ್ನುವುದು. ಬೆರಳಲ್ಲಿ ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಸೊಪ್ಪಿಗೆ ಅದ್ದಿ ಬಾಯಿಗೆ. ಮುದ್ದೆಯಂತೆ ನುಂಗುವುದಲ್ಲ, ಅಗಿಯಬೇಕು. ರಾಗಿಯ ಘಮವಿಲ್ಲ, ಆದರೆ ಬಿಸಿ ಬಿಸಿಯಾಗಿದ್ದಾಗ ಹಿತವಾದ ಸಿಹಿ. ತಟ್ಟೆಗೆ 45 ರಾಂಡ್. ಅಕ್ಕ ಉಂಡೆ ಕಟ್ಟುವ ರೀತಿ ನೋಡಿ ಆಕೆ ನಕ್ಕು ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು, ಕೇಳದೆಯೇ ಇನ್ನೊಂದು ಸೌಟು ಸೊಪ್ಪು ಬಡಿಸಿದರು. ಅಕ್ಕನನ್ನು ಗೋಗೋ ಎಂದು ಕರೆದರು. ಅಲ್ಲಿಯ ಮಾತಿನಲ್ಲಿ ಅಜ್ಜಿ ಎಂದರ್ಥ. ಲಾಡ್ಜಿನಲ್ಲಿ ಎರಡು ದಿನವೂ ರಾತ್ರಿಯೂಟ ಬಿಟ್ಟು ನಾವು ಮಧ್ಯಾಹ್ನವೇ ಇಲ್ಲಿ ಹೊಟ್ಟೆ ತುಂಬಿಸಿಕೊಂಡೆವು. ಕಾಳಿನ ಸಾರಿಗೆ ಕೆಲವೊಮ್ಮೆ ಮಾಂಸ ಹಾಕಿರುತ್ತಾರೆ, ಅದೊಂದನ್ನು ಕೇಳಿ ಬಡಿಸಿಕೊಳ್ಳಿ.

ಕ್ಯಾಂಪಿನಲ್ಲಿ ನಾವೇ ಅಡುಗೆ ಮಾಡಿಕೊಂಡೆವು. ಕಾದಿರಿಸುವಾಗ ಅಡುಗೆಮನೆಯ ವಿವರ ಓದಿ. ಕೆಲವು ಮನೆಗಳಿಗೆ ಒಲೆ, ಪಾತ್ರೆ ಇರುತ್ತವೆ, ಕೆಲವಕ್ಕೆ ಎಲ್ಲರೂ ಬಳಸುವ ಅಡುಗೆಮನೆ ಮಾತ್ರ. ಅಕ್ಕಿ, ಬೇಳೆ, ಅರಿಶಿನ, ಖಾರದ ಪುಡಿ ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತವೆ. ಭಾರತೀಯ ಮೂಲದವರು ಅಲ್ಲಿ ತಲೆಮಾರುಗಳಿಂದ ಇದ್ದಾರಲ್ಲ. ಇಲ್ಲಿಂದ ಹೊತ್ತೊಯ್ಯಬೇಕಾದದ್ದು ಎರಡು ಲೀಟರಿನ ಕುಕ್ಕರ್ ಮಾತ್ರ. ಜಗುಲಿಯ ಫ್ರಿಜ್ಜಿಗೆ ಚಿಲಕ ಹಾಕದೆ ಒಳಗೆ ಹೋಗಬೇಡಿ. ಸತಾರಾದಲ್ಲಿ ನಾನು ಉಪ್ಪು ತರಲು ಹೋಗಿ ಬರುವಷ್ಟರಲ್ಲಿ ವರ್ವೆಟ್ ಕೋತಿಯೊಂದು ಫ್ರಿಜ್ಜಿನ ಬಾಗಿಲನ್ನು ಎರಡೂ ಕೈಯಿಂದ ಎಳೆದು ತೆಗೆದು, ಮೊಸರನ್ನು ಬಿಟ್ಟು ಟೊಮೆಟೊ ಚೀಲವನ್ನೇ ಆರಿಸಿ ಮರ ಹತ್ತಿತ್ತು.

ಪ್ಲಗ್ಗಿನ ಬಗ್ಗೆ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ದುಬಾರಿ ಅಡಾಪ್ಟರ್ ಕೊಳ್ಳಬೇಡಿ. ಅಲ್ಲಿಯ ಸಾಕೆಟ್ಟು ನಮ್ಮ ಗೀಸರಿಗೆ ಹಾಕುವ 15 ಆಂಪಿಯರ್‌ನ ದಪ್ಪ ಮೂರು ಪಿನ್ನಿನದೇ. ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹದಿನೈದರಿಂದ ಐದು ಆಂಪಿಯರ್‌ನ ಕನ್ವರ್ಟರ್ ಎರಡು ಒಯ್ದರೆ ಸಾಕು.

ಚಳಿ, ಸರಳ ಊಟ, ಗಟ್ಟಿ ಹಾಸಿಗೆ ನನಗೆ ತೊಂದರೆಯಲ್ಲ. ಜನಜಂಗುಳಿ ಮಾತ್ರ ತಡೆಯುವುದಿಲ್ಲ. ಸ್ಕುಕೂಝಾದಿಂದ ಲೋವರ್ ಸಾಬಿಗೆ ನದಿಯ ಗುಂಟ ಹೋಗುವ ರಸ್ತೆಯನ್ನು ಎಲ್ಲರೂ ಹೊಗಳುತ್ತಾರೆ, ಪ್ರಾಣಿಗಳೂ ಹೆಚ್ಚು. ಆದರೆ ಒಂದು ಸಿಂಹಕ್ಕೆ ಇಪ್ಪತ್ತು ಕಾರು ಸುತ್ತುವರಿದು, ಎಂಜಿನ್ ಸದ್ದಿನ ನಡುವೆ ಅದರ ಬಾಲ ನೋಡುವುದು ನನಗೆ ಬೇಡವಾಯಿತು. ಲೋವರ್ ಸಾಬಿಯಲ್ಲಿ ಇರುವುದಾದರೆ ಕ್ಯಾಂಪಿನ ಪಕ್ಕದ ಸನ್‌ಸೆಟ್ ಡ್ಯಾಮಿನ ದಡದಲ್ಲಿ ಸಂಜೆ ಸುಮ್ಮನೆ ಕುಳಿತುಬಿಡಿ; ನೀರಾನೆ, ಮೊಸಳೆ, ಕೊಕ್ಕರೆ ಎಲ್ಲವೂ ಕಾರಿನ ಕಿಟಕಿಯಿಂದಲೇ ಕಾಣುತ್ತವೆ. ನನ್ನನ್ನು ಕೇಳಿದರೆ ಹೆಚ್ಚು ದಿನಗಳನ್ನು ಸತಾರಾದಿಂದ ಉತ್ತರಕ್ಕೆ ಕೊಡಿ. ಅಲ್ಲಿ ಸಿಂಹ ಕಡಿಮೆಯಾದರೂ ಆನೆಗಳಿವೆ, ಮೌನವಿದೆ. ಓಲಿಫಾಂಟ್ಸ್ ಕ್ಯಾಂಪು ಬಂಡೆಯ ನೆತ್ತಿಯ ಮೇಲಿದೆ. ಕೆಳಗೆ ನದಿಗೆ ಇಳಿಯುವ ಹಿಂಡುಗಳನ್ನು ಬೈನಾಕ್ಯುಲರಿನಲ್ಲಿ ನೋಡುತ್ತಾ ಒಂದು ಇಡೀ ಮಧ್ಯಾಹ್ನ ಕಳೆದೆವು. ಬೈನಾಕ್ಯುಲರ್ ತಲೆಗೊಂದು ಇರಲಿ, ಕೈಯಿಂದ ಕೈಗೆ ಬರುವಷ್ಟರಲ್ಲಿ ಪ್ರಾಣಿ ಹೋಗಿರುತ್ತದೆ.

ಲೆಟಾಬಾ ದಾರಿಯಲ್ಲಿ ಒಂದು ಸಲಗ ಎದುರಾಯಿತು. ರಸ್ತೆಯ ನಡುವೆಯೇ ನಮ್ಮ ಕಡೆಗೆ ನಡೆದು ಬರುತ್ತಿತ್ತು. ಕಣ್ಣಿನ ಹಿಂದೆ ಮದ ಸುರಿದು ಕೆನ್ನೆ ಕಪ್ಪಗೆ ಒದ್ದೆಯಾಗಿತ್ತು. ಯಜಮಾನರು ಎಂಜಿನ್ ನಿಲ್ಲಿಸದೆ ನಿಧಾನವಾಗಿ ಹಿಂದಕ್ಕೆ ಓಡಿಸಿದರು. ಅದು ಬಂದಷ್ಟೂ ನಾವು ಹಿಂದೆ, ಅರ್ಧ ಕಿಲೋಮೀಟರಿನಷ್ಟು. ಕೊನೆಗೆ ಅದೇ ಮೊಪಾನಿ ಮರಗಳ ಕಡೆಗೆ ತಿರುಗಿತು. ಆನೆ ಕಂಡಾಗ ಹಿಂದಕ್ಕೆ ಹೋಗಲು ದಾರಿ ಬಿಟ್ಟುಕೊಂಡೇ ನಿಲ್ಲಿಸಿ. ಒಳಗೆ ಡಾಂಬರು ರಸ್ತೆಯಲ್ಲಿ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರಿನ ಮಿತಿ ಇದೆ. ಕ್ಯಾಂಪಿನಿಂದ ಕ್ಯಾಂಪಿಗೆ ತೊಂಬತ್ತು ಕಿಲೋಮೀಟರ್ ಇದ್ದರೆ ಅರ್ಧ ದಿನ ಎಂದು ಇಟ್ಟುಕೊಳ್ಳಿ. ಸಂಜೆ ಬಾಗಿಲು ಮುಚ್ಚಿದ ಮೇಲೆ ಬಂದರೆ ದಂಡವಿದೆ.

ನಾವು ಹೋದದ್ದು ಆಗಸ್ಟಿನಲ್ಲಿ, ಅಲ್ಲಿ ಚಳಿಗಾಲದ ಕೊನೆ. ಹುಲ್ಲು ಒಣಗಿ, ನೀರು ಕೆಲವೇ ಕಡೆ ಉಳಿದಿರುವುದರಿಂದ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ. ಗೇಟು ತೆರೆಯುವ ಮುಂಚೆಯೇ ಉದ್ಯಾನದವರ ತೆರೆದ ಲಾರಿ ಸೂರ್ಯೋದಯದ ಸಫಾರಿಗೆ ಹೊರಡುತ್ತದೆ. ಅದರಲ್ಲಿ ಕೂರುವವರು ಉಣ್ಣೆಯ ಟೋಪಿ, ಮಫ್ಲರ್, ಕೈಗವಸು ಮರೆಯಬೇಡಿ. ನಮ್ಮ ಡಿಸೆಂಬರ್ ಚಳಿಯ ಲೆಕ್ಕ ಅಲ್ಲಿ ಸಾಲದು. ಕ್ರೂಗರ್ ಮಲೇರಿಯಾ ಇರುವ ಪ್ರದೇಶ. ಚಳಿಗಾಲದಲ್ಲಿ ಅಪಾಯ ಕಡಿಮೆ, ಆದರೂ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಕಾಯುವ ಟಿಕೆಟ್ ಕೊಂಡರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಅಧಿಕೃತ ಕೇಂದ್ರಗಳಲ್ಲಿ ಮಾತ್ರ, ಅದೂ ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಟಿಕೆಟ್ ಅಗ್ಗ ಎಂದು ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ. ವೀಸಾ ಮುಂಚಿತವಾಗಿ ಮಾಡಿಸಲೇಬೇಕು.

ಒಟ್ಟು ಖರ್ಚು ಮೂವರಿಗೆ ನಾಲ್ಕೂವರೆ ಲಕ್ಷ ರೂಪಾಯಿ. ವಿಮಾನಕ್ಕೆ 1,74,000, ಒಳಗಿನ ಆರು ರಾತ್ರಿಗೆ 60,000, ಪ್ರವೇಶ ಶುಲ್ಕಕ್ಕೆ 69,000, ಕಾರಿಗೆ 30,000, ಪೆಟ್ರೋಲ್ ಮತ್ತು ಟೋಲ್‌ಗೆ 17,000, ಊಟಕ್ಕೆ 15,000, ಎರಡು ಸಫಾರಿಗೆ 14,000 ಚಿಲ್ಲರೆ. ಉಳಿದದ್ದು ವೀಸಾ, ಪ್ರಯಾಣ ವಿಮೆ, ಔಷಧಿ. ಆ ಗಾಜಿನ 13,500, ಹೊರಗಿನ ಲಾಡ್ಜಿನ 28,000 ಕೂಡ ಇದರಲ್ಲೇ ಸೇರಿದೆ. ನೀವು ಅವೆರಡನ್ನೂ ಉಳಿಸಬಹುದು. ಆಮೇಲಿನ ಕೇಪ್‌ಟೌನ್‌ನ ನಾಲ್ಕು ದಿನದ ಲೆಕ್ಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಜೂನ್, ಜುಲೈನಲ್ಲಿ ಅಲ್ಲಿಯ ಶಾಲೆಗಳಿಗೆ ರಜೆ ಬರುತ್ತದೆ, ಆಗ ಹೋಗಬೇಡಿ. ಆಗಸ್ಟಿಗೆ ಹೋಗುವ ಮನಸ್ಸಿದ್ದರೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಬುಕಿಂಗ್ ತೆರೆಯುತ್ತದೆ. ಮೊದಲು ಓಲಿಫಾಂಟ್ಸ್ ಹಿಡಿಯಿರಿ, ನದಿಯ ಕಡೆಗೆ ಮುಖ ಮಾಡಿದ ಮನೆ ಎಂದು ಬರೆದಿರುವುದನ್ನೇ ಆರಿಸಿ. ವಿಮಾನದ ಟಿಕೆಟ್ ಆಮೇಲೆ.