ಆರು ಗೆರೆಗಳ ಮೇಲೆ ಸರಳೆ ವರಸೆ

ಗಿಟಾರ್ ಕಲಿಯುತ್ತೇನೆ ಅಂದರೆ ಎಲ್ಲರೂ ಮೊದಲು ಕಾರ್ಡ್ ಹಿಡಿ ಅನ್ನುತ್ತಾರೆ. ಸಿ ಮೇಜರ್, ಜಿ ಮೇಜರ್, ಎ ಮೈನರ್ ಬಂದರೆ ಸಾಕು, ಎಷ್ಟೋ ಸಿನಿಮಾ ಹಾಡು ನುಡಿಸಬಹುದು ಅಂತ. ನಿಜ ಇರಬಹುದು. ಆದರೆ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಬಂದ ನನ್ನಂಥವರ ಕಿವಿಗೆ ಮೂರ್ನಾಲ್ಕು ಸ್ವರ ಒಟ್ಟಿಗೆ ಕೇಳುವುದಕ್ಕಿಂತ ಒಂದಾದ ಮೇಲೊಂದು ಸ್ವರ ಬಂದು ರಾಗ ಕಾಣಿಸಬೇಕು. ಅದಕ್ಕೇ ನಾನು ಕಾರ್ಡ್ ಪಕ್ಕಕ್ಕಿಟ್ಟು ಟ್ಯಾಬ್, ಅಂದರೆ ಗೆರೆಗಳ ಮೇಲೆ ಅಂಕಿ ಇಟ್ಟು ಬರೆಯುವ ಗಿಟಾರಿನ ಲಿಪಿ, ಓದುವುದನ್ನೇ ಮೊದಲು ಕಲಿತೆ.

ನಮ್ಮ ಮನೆಗೆ ಗಿಟಾರ್ ಬಂದದ್ದು ಅಕ್ಕನ ಮಗನ ಜೊತೆ. ಇಲ್ಲೇ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲೇ ಇದ್ದಾನೆ. ಅವನು ಕಾಲೇಜಿಗೆ ಹೋದ ಮೇಲೆ ಗಿಟಾರ್ ಸುಮ್ನೆ ಗೋಡೆಗೆ ಒರಗಿಕೊಂಡಿರುತ್ತಿತ್ತು, ನಾನು ಹೋಗ್ತಾ ಬರ್ತಾ ಒಂದು ತಂತಿ ಮೀಟಿ ಅದು ಯಾವ ಸ್ವರ ಅಂತ ಗುನುಗಿಕೊಳ್ಳುತ್ತಿದ್ದೆ. ಒಂದು ಭಾನುವಾರ ತಿಂಡಿ ಆದ ಮೇಲೆ ಕೇಳಿಯೇಬಿಟ್ಟೆ. ‘ಅದೇನೋ ಟ್ಯಾಬ್ ಅಂತೀಯಲ್ಲ, ಅದನ್ನ ಸ್ವಲ್ಪ ಹೇಳಿಕೊಡೋ.’

‘ತುಂಬಾ ಸುಲಭ ಚಿಕ್ಕಮ್ಮ. ಆರು ಗೆರೆ ಅಂದ್ರೆ ಆರು ತಂತಿ. ಗೆರೆ ಮೇಲಿರೋ ಅಂಕಿ ಯಾವ ಫ್ರೆಟ್, ಅಂದ್ರೆ ಗಿಟಾರಿನ ಕತ್ತಿನ ಮೇಲಿರೋ ಯಾವ ಮೆಟ್ಟಿಲು, ಒತ್ತಬೇಕು ಅಂತ. ಸೊನ್ನೆ ಇದ್ರೆ ಒತ್ತಬೇಡ, ಹಾಗೇ ಮೀಟು. ಎಡದಿಂದ ಬಲಕ್ಕೆ ಓದಿಕೊಂಡು ಹೋಗು, ಅಷ್ಟೇ.’

ಅಷ್ಟೇ ಅಂದನಲ್ಲ, ನಿಜವಾಗಲೂ ಬಹುಪಾಲು ಅಷ್ಟೇ. ಓದಲು ಬಂದ ಯಾರಾದರೂ ಹತ್ತು ನಿಮಿಷದಲ್ಲಿ ತಿಳಿದುಕೊಳ್ಳಬಹುದು. ಒಂದೇ ಒಂದು ಕಡೆ ಮನಸ್ಸು ಒಪ್ಪುವುದಿಲ್ಲ. ಗಿಟಾರ್ ಹಿಡಿದು ಕೂತಾಗ ದಪ್ಪ ತಂತಿ ಮೇಲಿರುತ್ತದೆ, ತೆಳು ತಂತಿ ಕೆಳಗೆ. ಹಾಳೆಯಲ್ಲಿ ನೋಡಿದರೆ ಎಲ್ಲಕ್ಕಿಂತ ಮೇಲಿನ ಗೆರೆ ತೆಳು ತಂತಿಯದು, ಕೆಳಗಿನ ಗೆರೆ ದಪ್ಪ ತಂತಿಯದು. ಹುಡುಗ ಗಿಟಾರನ್ನು ನನ್ನ ತೊಡೆಯ ಮೇಲೆ ಅಂಗಾತ ಮಲಗಿಸಿದ. ಈಗ ದಪ್ಪ ತಂತಿ ನನ್ನ ಹೊಟ್ಟೆಯ ಕಡೆ ಬಂತು, ತೆಳು ತಂತಿ ಮಂಡಿಯ ಕಡೆ. ಟ್ಯಾಬ್ ಹಾಳೆಯನ್ನು ಮುಂದೆ ಇಟ್ಟುಕೊಂಡೆ. ಹಾಳೆಯೂ ತಂತಿಗಳೂ ಒಂದೇ ಸಾಲಿಗೆ ಬಂದವು. ಆಮೇಲೆ ಇನ್ನೊಂದೂ ಹೊಳೆಯಿತು. ತಾರಕ್ಕೆ ಹೋಗುವ ತಂತಿ ಹಾಳೆಯಲ್ಲೂ ಮೇಲೆ, ಮಂದ್ರದ ತಂತಿ ಕೆಳಗೆ. ಸ್ವರ ಏರಿದರೆ ಅಂಕಿಯೂ ಮೇಲಿನ ಗೆರೆಗೆ ಏರುತ್ತದೆ, ಹಾಗೆ ನೆನಪಿಟ್ಟುಕೊಂಡರೆ ಗಿಟಾರ್ ಮಲಗಿಸುವ ಅಗತ್ಯವೂ ಇಲ್ಲ.

ಫ್ರೆಟ್ ವಿಷಯ ನನಗೆ ಹೊಸದೇನಲ್ಲ. ನಮ್ಮ ಪಾಠದ ಮನೆಯಲ್ಲಿ ವೀಣೆ ಇತ್ತು, ಅದರ 24 ಮೆಟ್ಟಿಲು ನೋಡಿಯೇ ಬೆಳೆದದ್ದು. ಇಲ್ಲೂ ಅದೇ ಲೆಕ್ಕ, ಒಂದೊಂದು ಫ್ರೆಟ್‌ಗೆ ಒಂದೊಂದು ಸ್ವರಸ್ಥಾನ, ಹನ್ನೆರಡು ದಾಟಿದರೆ ಮೇಲಿನ ಸ್ಥಾಯಿ. ಒತ್ತದೆ ಮೀಟಿದರೆ ಆರು ತಂತಿಗಳು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಮತ್ತೆ ಇ. ಟ್ಯಾಬ್ ಬರೆದವರು ಬೇರೆ ಹೇಳದಿದ್ದರೆ ಈ ಶ್ರುತಿ ಅಂತಲೇ ಅರ್ಥ. ತಂತಿ ಸ್ವಲ್ಪ ಇಳಿದಿದ್ದರೂ ಅಂಕಿ ಸರಿ, ಸ್ವರ ತಪ್ಪು. ಆದ್ದರಿಂದ ಹಾಳೆ ತೆಗೆಯುವ ಮೊದಲು ಕಿವಿ ಹಿಂಡುವ ಕೆಲಸ ಆಗಬೇಕು, ಗಿಟಾರಿನ ಕಿವಿ.

ಅವನು ಒಂದು ಹಳೆಯ ಕನ್ನಡ ಚಿತ್ರಗೀತೆಯ ಪಲ್ಲವಿಯ ಟ್ಯಾಬ್ ತೋರಿಸಿದ. ಯಾರೋ ಟೈಪ್ ಮಾಡಿದ್ದು, ಅಡ್ಡಗೆರೆ, ನಡುನಡುವೆ ಅಂಕಿ. ಹಾಡಿನ ಹೆಸರಿನ ಮೇಲೆ ಅವನು ಕೈ ಇಟ್ಟು ಮುಚ್ಚಿದ್ದ, ನುಡಿಸಿ ಕಂಡುಹಿಡಿ ಅಂತ. ಬಿ ತಂತಿ 1, ಬಿ ತಂತಿ 3, ಮೇಲಿನ ಇ ಸೊನ್ನೆ... ಬೆರಳು ಹೇಳಿದ ಜಾಗಕ್ಕೇ ಹೋಗುತ್ತಿತ್ತು, ಪ್ರತಿ ಸ್ವರವೂ ಸರಿಯಾಗಿ ಬರುತ್ತಿತ್ತು, ಆದರೆ ಹಾಡು ಬರಲಿಲ್ಲ. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಓಡಬೇಕು, ತಾಳ ಶುರುವಾಗುವ ಸಮ ಎಲ್ಲಿ, ಯಾವುದೂ ಆ ಹಾಳೆಯಲ್ಲಿರಲಿಲ್ಲ. ಅವನು ಕೈ ತೆಗೆದ. ಹೆಸರು ನೋಡಿದ್ದೇ ತಡ, ನಾನು ಆ ಸಾಲನ್ನು ಗುನುಗುತ್ತಾ ಅದೇ ಅಂಕಿಗಳನ್ನು ಮತ್ತೆ ನುಡಿಸಿದೆ. ಹಾಡು ಬಂತು! ಅಂಕಿ ಒಂದೂ ಬದಲಾಗಿರಲಿಲ್ಲ.

ಟ್ಯಾಬ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಬೆರಳು ಎಲ್ಲಿ ಅನ್ನುವುದನ್ನು ಅದು ಹೇಳುವಷ್ಟು ಖಚಿತವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಗಿಟಾರಿನಲ್ಲಿ ಒಂದೇ ಸ್ವರ ನಾಲ್ಕೈದು ಕಡೆ ಸಿಗುತ್ತದೆ ನೋಡಿ. ತೆಳು ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರವೇ ಬಿ ತಂತಿಯ 5ರಲ್ಲೂ, ಜಿ ತಂತಿಯ 9ರಲ್ಲೂ, ಡಿ ತಂತಿಯ 14ರಲ್ಲೂ ಇದೆ. ನಮ್ಮ ಸ್ವರಲಿಪಿಯಲ್ಲಿ ‘ಗ’ ಅಂತ ಬರೆದರೆ ಯಾವ ಗ, ಯಾವ ತಂತಿಯ ಗ ಅನ್ನುವುದು ನುಡಿಸುವವರಿಗೆ ಬಿಟ್ಟದ್ದು. ಟ್ಯಾಬ್ ಅದನ್ನು ತೀರ್ಮಾನ ಮಾಡಿಯೇ ಕೊಡುತ್ತದೆ. ಆದರೆ ಕಾಲ ಮಾತ್ರ ನಾವೇ ತರಬೇಕು.

ಹಿಂದೆ ಹೀಗಿರಲಿಲ್ಲವಂತೆ ಅಂತ ಆಮೇಲೆ ಓದಿ ತಿಳಿದೆ. ಟ್ಯಾಬ್ ಈಗಿನ ಆರು ತಂತಿಯ ಗಿಟಾರಿಗಿಂತ ಹಳೆಯದು, ಯುರೋಪಿನಲ್ಲಿ ಲ್ಯೂಟ್ ಅನ್ನುವ ತಂತಿವಾದ್ಯಕ್ಕೆ ಬಳಸುತ್ತಿದ್ದರು. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಅನ್ನುವ ಮುದ್ರಕ ಅಂಥ ಪುಸ್ತಕವನ್ನು ಅಚ್ಚು ಹಾಕಿದ್ದ. ಆ ಕಾಲದ ಇಟಲಿಯವರ ಪದ್ಧತಿಯಲ್ಲಿ ಗೆರೆಗಳ ಕ್ರಮ ಈಗಿನದಕ್ಕೆ ಉಲ್ಟಾ, ಮಂದ್ರದ ತಂತಿಯೇ ಮೇಲೆ. ಇರಲಿ, ನನಗೆ ಬೇಕಾದದ್ದು ಬೇರೆ. ಆ ಹಳೆಯ ಟ್ಯಾಬ್‌ಗಳಲ್ಲಿ ಅಂಕಿಗಳ ಮೇಲ್ಗಡೆ ಕಾಲ ತೋರಿಸುವ ಸಣ್ಣ ಗುರುತುಗಳೂ ಇರುತ್ತಿದ್ದವು. ಈಗಲೂ ಅಚ್ಚಾದ ಒಳ್ಳೆಯ ಪುಸ್ತಕಗಳಲ್ಲಿ ಇರುತ್ತವೆ. ಜನ ಕೀಬೋರ್ಡಿನಲ್ಲಿ ಗೆರೆ, ಅಂಕಿ ಹೊಡೆದು ಹಂಚಿಕೊಳ್ಳಲು ಶುರು ಮಾಡಿದಾಗ ಆ ಗುರುತು ಎಷ್ಟೋ ಕಡೆ ಬಿಟ್ಟುಹೋಯಿತು. ಹೊಸಬರಿಗೆ ಇದು ದೊಡ್ಡ ನಷ್ಟ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ನನಗೆ ತಾಳ ಗೊತ್ತಿರುವುದನ್ನೇ ಟ್ಯಾಬ್ ಮಾಡಿಕೊಂಡರೆ ಹೇಗೆ? ಊಟ ಆದ ಮೇಲೆ ಒಂದು ನೋಟ್‌ಬುಕ್ ತೆಗೆದು ಆರು ಗೆರೆ ಎಳೆದೆ. ಮಾಯಾಮಾಳವಗೌಳ ರಾಗ, ಎಂಟು ಅಕ್ಷರದ ಆದಿತಾಳ, ಮೊದಲ ಸರಳೆ, ಅಂದರೆ ಸರಿಗಮಪದನಿಸ ಏರಿ ಇಳಿಯುವ ಪಾಠ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ನಮಗೆಲ್ಲ ಹೇಳಿಕೊಟ್ಟದ್ದು, ನಿದ್ದೆಯಲ್ಲೂ ಬರುತ್ತದೆ. ಷಡ್ಜವನ್ನು ಎ ತಂತಿಯ 3ನೇ ಫ್ರೆಟ್‌ನಲ್ಲಿ ಇಟ್ಟೆ, ಅದು ಸಿ, ಅಂದರೆ ನಮ್ಮ ಹಾಡುಗಾರರ ಲೆಕ್ಕದಲ್ಲಿ ಒಂದು ಮನೆ ಶ್ರುತಿ. ರಿಷಭ ಪಕ್ಕದಲ್ಲೇ, 4. ಗಾಂಧಾರಕ್ಕೆ ಡಿ ತಂತಿಗೆ ಹೋದರೆ 2, ಮಧ್ಯಮ ಅದರ ಪಕ್ಕ 3. ಪಂಚಮ ಜಿ ತಂತಿ, ಸೊನ್ನೆ. ಧೈವತ ಅದರದ್ದೇ 1. ನಿಷಾದ ಬಿ ತಂತಿ ಸೊನ್ನೆ, ಮೇಲಿನ ಷಡ್ಜ ಬಿ ತಂತಿ 1.

ಬರೆದು ಮುಗಿಸಿ, ಪಾಠದ ಪುಸ್ತಕದಲ್ಲಿ ಇರುವ ಹಾಗೆ ತಾಳದ ಗೆರೆ ಹಾಕಿದೆ. ತಾಳದ ಮೊದಲ ಭಾಗವಾದ ಲಘುವಿಗೆ ನಾಲ್ಕು ಅಕ್ಷರ, ಆಮೇಲೆ ಬರುವ ಎರಡು ದ್ರುತಗಳಿಗೆ ಎರಡೆರಡು. ಹಾಕಿದವಳು ಹಾಗೇ ನೋಡುತ್ತಾ ಕೂತೆ. ಒಂದೊಂದು ತಂತಿಗೆ ಎರಡೆರಡೇ ಸ್ವರ. ಲಘು ಪೂರ್ತಿ ಎ ಮತ್ತು ಡಿ ತಂತಿಗಳಲ್ಲಿ ಮುಗಿಯುತ್ತದೆ, ಮೊದಲ ದ್ರುತ ಜಿ ತಂತಿಯಲ್ಲಿ, ಎರಡನೇ ದ್ರುತ ಬಿ ತಂತಿಯಲ್ಲಿ. 3 4, 2 3, 0 1, 0 1. ತಾಳದ ಗೆರೆ ಬಿದ್ದಲ್ಲೇ ತಂತಿಯೂ ಬದಲಾಗುತ್ತದೆ. ಇಳಿಯುವಾಗಲೂ ಅಷ್ಟೇ, ಲಘುವಿಗೆ ಬಿ ಮತ್ತು ಜಿ, ದ್ರುತಗಳಿಗೆ ಡಿ ಮತ್ತು ಎ. ಪಶ್ಚಿಮದ ವಾದ್ಯವೊಂದರ ಮೇಲೆ ನಮ್ಮ ಮೊದಲ ಪಾಠ ಇಷ್ಟು ಅಚ್ಚುಕಟ್ಟಾಗಿ ಕೂರುತ್ತದೆ ಅಂದರೆ ಸಂತೋಷ ಆಗದೆ ಇರುತ್ತಾ!

ಇದಕ್ಕೆ ಕಾರಣವೂ ಇದೆ. ಗಿಟಾರಿನಲ್ಲಿ ಒಂದು ತಂತಿಗೂ ಮುಂದಿನ ತಂತಿಗೂ ಐದು ಫ್ರೆಟ್ ಅಂತರ, ಜಿ ಮತ್ತು ಬಿ ನಡುವೆ ಮಾತ್ರ ನಾಲ್ಕು. ಆ ನಾಲ್ಕು ಇದ್ದದ್ದಕ್ಕೇ ನಿಷಾದ ಬಿ ತಂತಿಯಲ್ಲಿ ಸೊನ್ನೆಗೆ ಬಂದು ಕೂತಿದ್ದು. ನಾನು ಹಾಡುವುದು ಐದು ಮನೆ ಶ್ರುತಿಗೆ, ಹಾಗಾಗಿ ಷಡ್ಜವನ್ನು ದಪ್ಪ ತಂತಿಯ 3ಕ್ಕೆ, ಅಂದರೆ ಜಿಗೆ, ತಂದು ನೋಡಿದೆ. ಧೈವತದವರೆಗೆ ಅದೇ ಅಂಕಿಗಳು ಬಂದವು. ನಿಷಾದ ಮಾತ್ರ ಡಿ ತಂತಿಯ 4ಕ್ಕೆ ಹೋಯಿತು, ಷಡ್ಜ ಜಿ ತಂತಿಯ ಸೊನ್ನೆಗೆ. ಅಂದ ಕೆಟ್ಟಿತು, ಅದೂ ಅಲ್ಲದೆ ಸ್ಥಾಯಿ ನನ್ನ ಧ್ವನಿಗಿಂತ ತೀರಾ ಕೆಳಗೆ.

‘ಕೇಪೋ ಹಾಕು ಚಿಕ್ಕಮ್ಮ’ ಅಂದ ಹುಡುಗ. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಆ ಕ್ಲಿಪ್ಪನ್ನು 7ನೇ ಫ್ರೆಟ್‌ಗೆ ಕಚ್ಚಿಸಿದ. ಕೇಪೋ ಹಾಕಿದರೆ ಅಲ್ಲಿಂದಲೇ ಸೊನ್ನೆ ಲೆಕ್ಕ, ಟ್ಯಾಬ್ ತಿದ್ದಬೇಕಾಗಿಲ್ಲ, ಹಾಳೆಯ ತಲೆಯಲ್ಲಿ ‘ಕೇಪೋ 7’ ಅಂತ ಬರೆದರೆ ಆಯಿತು. ಅದೇ 3 4, 2 3, ಆದರೆ ಷಡ್ಜ ನೇರ ನನ್ನ ಐದು ಮನೆಗೆ. ಮೇಲಿನ ಫ್ರೆಟ್‌ಗಳು ಹತ್ತಿರ ಹತ್ತಿರ ಇರುವುದರಿಂದ ಕಿರುಬೆರಳು ರಿಷಭಕ್ಕೆ ಎಳೆದಾಡದೆ ತಲುಪುತ್ತದೆ. ಹಾಡುತ್ತಾ ನುಡಿಸಿದೆ. ಕಾಲಿನಲ್ಲಿ ತಾಳ, ಬಾಯಲ್ಲಿ ಸ್ವರ, ಕಣ್ಣು ಅಂಕಿಯ ಮೇಲೆ. ಒಂದಷ್ಟು ಸಲ ಆದ ಮೇಲೆ ನನಗೆ 2 ಕಂಡರೆ ಅದು ಬರೀ ಅಂಕಿಯಾಗಿ ಕಾಣಲಿಲ್ಲ, ನೋಡಿದ ಕೂಡಲೇ ಗಾಂಧಾರ ಕೇಳಿಸುತ್ತಿತ್ತು. ಟ್ಯಾಬ್ ಓದಲು ಬಂತು ಅಂತ ನಾನು ಧೈರ್ಯವಾಗಿ ಹೇಳುವುದು ಆವತ್ತಿನಿಂದ.

ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವ ಗಮಕಕ್ಕೆ ಇದು ಸಾಲದು. ತಂತಿ ಎಳೆಯಲು ‘ಬಿ’, ಜಾರಲು ಓರೆಗೆರೆ, ಮೀಟದೆ ಬೆರಳು ಕುಟ್ಟಲು ‘ಎಚ್’, ಬೆರಳು ಕಿತ್ತು ನುಡಿಸಲು ‘ಪಿ’, ಹೀಗೆ ಗುರುತುಗಳೇನೋ ಇವೆ, ಆದರೆ ಸೊನ್ನೆಯಲ್ಲಿರುವ ನಿಷಾದವನ್ನು ಹೇಗೆ ಅಲುಗಿಸುವುದು, ಒತ್ತುವ ಬೆರಳೇ ಅಲ್ಲಿಲ್ಲವಲ್ಲ. ಆಗ ಅದನ್ನು ಜಿ ತಂತಿಯ 4ಕ್ಕೆ ತರಬೇಕು. ಪ್ರಸನ್ನ ಅವರಂಥವರು ಗಿಟಾರಿನಲ್ಲಿ ಕೃತಿಗಳನ್ನೇ ನುಡಿಸುವುದನ್ನು ಕೇಳಿದ್ದೇನೆ, ದಾರಿ ಇದೆ. ಸದ್ಯಕ್ಕೆ ನನಗೆ ಸರಳೆ ವರಸೆಯೇ ಸಾಕಷ್ಟಿದೆ.

ಈಗ ಮಲಹರಿ ರಾಗದ ಪಿಳ್ಳಾರಿ ಗೀತೆಯೊಂದನ್ನು, ಅಂದರೆ ಹೊಸಬರಿಗೆ ಕಲಿಸುವ ಸರಳ ಗೀತೆಯೊಂದನ್ನು, ಬರೆಯುತ್ತಿದ್ದೇನೆ, ಹುಡುಗನೇ ಕೇಳಿದ್ದು. ಮಾಯಾಮಾಳವಗೌಳದಿಂದ ಹುಟ್ಟಿದ ರಾಗ ಆದ್ದರಿಂದ ಜಾಗಗಳೆಲ್ಲ ಅವೇ. ನಿಷಾದ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ರೂಪಕ ತಾಳ, ಎರಡು ಅಕ್ಷರಕ್ಕೊಂದು ಗೆರೆ, ನಾಲ್ಕಕ್ಕೊಂದು ಗೆರೆ, ಅಂಕಿಗಳ ಕೆಳಗೆ ಸಾಹಿತ್ಯ. ಸ್ವರ ಕಲಿಯದ ಅವನು ಅಂಕಿ ನೋಡಿ ನುಡಿಸುತ್ತಾನೆ, ನಾನು ತಾಳ ಹಾಕಿ ಹಾಡುತ್ತೇನೆ. ಒಂದನೇ ಕಾಲದಲ್ಲಿ ಚೆನ್ನಾಗಿ ಬರುತ್ತಿದೆ. ದುಪ್ಪಟ್ಟು ವೇಗದ ಎರಡನೇ ಕಾಲಕ್ಕೆ ತಂತಿ ಮೀಟುವ ಪಿಕ್ಕನ್ನು ಒಮ್ಮೆ ಕೆಳಕ್ಕೆ ಒಮ್ಮೆ ಮೇಲಕ್ಕೆ ಹೊಡೆಯಬೇಕು. ಇಳಿಯುವಾಗ ಮಧ್ಯಮದಿಂದ ಗಾಂಧಾರ, ಅಲ್ಲಿಂದ ಎ ತಂತಿಯ ರಿಷಭಕ್ಕೆ ದಾಟುವ ಜಾಗದಲ್ಲಿ ಇಬ್ಬರ ಕೈಯೂ ಇನ್ನೂ ತಡವರಿಸುತ್ತದೆ, ಆ ಮೂರು ಸ್ವರವನ್ನೇ ಬೇರೆ ಸಾಲಿನಲ್ಲಿ ಬರೆದುಕೊಂಡು ದಿನಾ ಸಂಜೆ ತಿಕ್ಕುತ್ತಿದ್ದೇವೆ.