ಕುದುರೆ ಮೆಂತೆ ಒಣಮೇವು: ಮೂರನೇ ಕೊಯ್ಲು ಮುಗಿಯಿತು

ಅಕ್ಟೋಬರ್‌ನಲ್ಲಿ ಬಿತ್ತಿದ ಕುದುರೆ ಮೆಂತೆಯ (ಲೂಸರ್ನ್ ಎಂಬ ಮೇವಿನ ಬೆಳೆ) ಮೂರನೇ ಕೊಯ್ಲು ಈ ವಾರ ಒಣಗಿ ಅಟ್ಟ ಸೇರಿತು. ನಮ್ಮ ತುಮಕೂರು ಕಡೆ ಬೇಸಿಗೆಗೆ ಎಲ್ಲರೂ ನಂಬುವುದು ರಾಗಿ ಹುಲ್ಲನ್ನು. ಹಸುವಿನ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಅದರಲ್ಲಿ ಪ್ರೋಟೀನ್ ಶೇ. 3–4 ಅಷ್ಟೇ. ಚೆನ್ನಾಗಿ ಒಣಗಿಸಿದ ಕುದುರೆ ಮೆಂತೆಯಲ್ಲಿ ಶೇ. 16ರಿಂದ 20ರವರೆಗೆ ಸಿಗುತ್ತದೆ. ಹಿಂಡಿ ಖರ್ಚು ಇಳಿಸಬೇಕು ಅಂದರೆ ದಾರಿ ಇಲ್ಲೇ ಇದೆ ಅಂತ ನನಗೆ ಅನ್ನಿಸಿದೆ.

ಹೂ ಆಗಷ್ಟೇ ಕಾಣಿಸಿಕೊಂಡಾಗ, ಅಂದರೆ ಹತ್ತರಲ್ಲಿ ಒಂದು ಗಿಡ ಹೂ ಬಿಟ್ಟಾಗ ಕೊಯ್ದೆವು. ಇನ್ನೂ ಬಿಟ್ಟರೆ ತೂಕ ಜಾಸ್ತಿ ಬರುತ್ತದೆ, ಆದರೆ ಕಡ್ಡಿ ಗಟ್ಟಿಯಾಗುತ್ತದೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಈ ಬೆಳೆಯ ಪ್ರೋಟೀನ್‌ನಲ್ಲಿ ಹೆಚ್ಚಿನ ಪಾಲು ಎಲೆಯಲ್ಲೇ ಇದೆ. ಎಲೆ ಬೇಗ ಒಣಗುತ್ತದೆ, ಕಡ್ಡಿ ನಿಧಾನ. ಕಡ್ಡಿ ಒಣಗಲಿ ಅಂತ ಮಧ್ಯಾಹ್ನದ ಬಿಸಿಲಲ್ಲಿ ಮಗುಚಿದರೆ ಎಲೆಯೆಲ್ಲ ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಅದಕ್ಕೇ ಬೆಳಿಗ್ಗೆ, ಇಬ್ಬನಿಯ ಪಸೆ ಇನ್ನೂ ಇರುವಾಗಲೇ ಮಗುಚುತ್ತೇವೆ. ಮೊದಲ ದಿನ ಹೊಲದಲ್ಲಿ ತೆಳುವಾಗಿ ಹರಡಿ, ಬಾಡಿದ ಮೇಲೆ ನೆರಳಿಗೆ ತಂದು ಬೊಂಬಿನ ಅಡ್ಡೆಗಳ ಮೇಲೆ ಹಾಕುತ್ತೇವೆ. ನೆರಳಲ್ಲಿ ಹಸಿರು ಬಣ್ಣ ಉಳಿಯುತ್ತದೆ. ಕೊಳ್ಳುವವರು ಮೊದಲು ನೋಡುವುದು ಅದನ್ನೇ ಅಲ್ವಾ?

ತೇವ ಶೇ. 15ರ ಆಸುಪಾಸಿಗೆ ಇಳಿಯಬೇಕು. ಪರೀಕ್ಷೆ ಸುಲಭ. ಒಣಮೇವನ್ನು ಚೂರು ಮಾಡಿ, ಒಣ ಉಪ್ಪಿನ ಜೊತೆ ಗಾಜಿನ ಬಾಟಲಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಉಪ್ಪು ಗಂಟು ಕಟ್ಟಿದರೆ ಇನ್ನೂ ಹಸಿ. ಹಸಿಯಿದ್ದಾಗಲೇ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಅಂಥ ಮೇವನ್ನು ಗಬ್ಬದ ಹಸುವಿಗಂತೂ ಹಾಕಲೇಬಾರದು.

ನೂರು ಕೆ.ಜಿ. ಹಸಿ ಸೊಪ್ಪು ಒಣಗಿದರೆ 23–24 ಕೆ.ಜಿ. ಉಳಿಯುತ್ತದೆ. ಕಟ್ಟಲು ಹಲಗೆ ಪೆಟ್ಟಿಗೆ ಮಾಡಿಸಿದ್ದೇವೆ: ಉದ್ದ 85, ಅಗಲ 55, ಆಳ 45 ಸೆಂ.ಮೀ. ತಳದಲ್ಲಿ ಹುರಿ ಹಾಸಿ, ಮೇವು ತುಂಬಿ, ತುಳಿದು ಬಿಗಿದರೆ ಸುಮಾರು 20 ಕೆ.ಜಿ.ಯ ಪೆಂಡಿ ಸಿಗುತ್ತದೆ. ಪೆಂಡಿ ಕಟ್ಟುವ ಯಂತ್ರದ (ಬೇಲರ್) ಬಾಡಿಗೆ ನಮ್ಮ ಅರ್ಧ ಎಕರೆಗೆ ಗಿಟ್ಟುವುದಿಲ್ಲ.

ಮಾರಾಟ ಈಗ ಕುದುರುತ್ತಿದೆ. ಹಸು ಸಾಕುವವರು ಲೋಡ್ ಲೆಕ್ಕದ ರಾಗಿ ಹುಲ್ಲಿಗೆ ಹೋಲಿಸಿ ದುಬಾರಿ ಅಂತಾರೆ. ಕೊಟ್ಟಿಗೆಯಲ್ಲೇ ಮೇಕೆ ಸಾಕುವವರು ಬೇಗ ಒಪ್ಪಿದರು. ಹಸಿಯಾಗಿ ಜಾಸ್ತಿ ತಿಂದರೆ ಹೊಟ್ಟೆಯುಬ್ಬರ ಬರುವ ಭಯ ಅವರಿಗಿತ್ತು. ಒಣಗಿದ್ದರಲ್ಲಿ ಆ ಅಪಾಯ ತೀರಾ ಕಡಿಮೆ. ತೂಕ ಹಾಕಿ ಕೆ.ಜಿ. ಲೆಕ್ಕದಲ್ಲೇ ಕೊಡುತ್ತೇವೆ. ಯಾವ ಪೆಂಡಿ ಬೇಕಾದರೂ ಬಿಚ್ಚಿ ನೋಡಬಹುದು. ಹೊರಗೆ ಹಸಿರು, ಒಳಗೆ ಕಪ್ಪು ಇರುವ ಮಾಲು ಒಮ್ಮೆ ಹೋದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಮಾರ್ಚ್ ಮಧ್ಯದಲ್ಲಿ ಮುಂದಿನ ಕೊಯ್ಲು. ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಶುರುವಾದರೆ ಒಣಗಿಸುವುದು ನಿಲ್ಲಿಸಿ, ಸೊಪ್ಪನ್ನು ಹಸಿಯಾಗಿಯೇ ರಾಗಿ ಹುಲ್ಲಿನ ಜೊತೆ ಬೆರೆಸಿ ನಮ್ಮ ಹಸುಗಳಿಗೆ ಹಾಕುತ್ತೇವೆ.